ಆಪರೇಷನ್‌ಗೆ ನಾಲ್ಕು ವಾರ ಇದೆ, ಅಪ್ಪನನ್ನು ಮಲಗಿಸಬೇಡಿ

ಓದುಗರ ಪತ್ರ: ಸಂಪಾದಕರೇ, ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು. ಅಪ್ಪನಿಗೆ 61 ವರ್ಷ, ಮಾವಿನ ತೋಟ ನೋಡಿಕೊಳ್ಳುತ್ತಾರೆ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಅಂತ ಗೊತ್ತಾಗಿದೆ. ಬೆಂಗಳೂರಿನಲ್ಲಿ ಆಪರೇಷನ್‌ಗೆ ಡೇಟ್ ಕೊಟ್ಟಿದ್ದಾರೆ, ಇನ್ನೂ ನಾಲ್ಕು ವಾರ ಇದೆ. ಶುಗರ್ ಇದೆ, ಬೀಡಿ ಸೇದುತ್ತಾರೆ, ಹಿಮೋಗ್ಲೋಬಿನ್ 9. ‘ಶಕ್ತಿ ಉಳಿಸಿಕೊಳ್ಳಲಿ’ ಅಂತ ಸೋದರತ್ತೆ ಅವರನ್ನು ಮಂಚದಿಂದ ಇಳಿಯಲು ಬಿಡುತ್ತಿಲ್ಲ. ಮೂರು ಹೊತ್ತೂ ಗಂಜಿ. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ದಿನಾ ನಡೆಸಿ ಅಂದಿದ್ದಾರೆ. ಅಪ್ಪನಿಗೆ ಬರೀ ‘ಗಡ್ಡೆ’ ಅಂತ ಹೇಳಿದ್ದೇವೆ. ರಾತ್ರಿ ನಿದ್ದೆ ಮಾಡದೆ ಕೂತಿರುತ್ತಾರೆ. ಯಾರ ಮಾತು ಕೇಳೋದು?

ಸಂಪಾದಕರ ಉತ್ತರ:

ಫಿಸಿಯೋಥೆರಪಿಸ್ಟ್ ಮಾತು ಕೇಳಿ. ನಿಮ್ಮ ಸೋದರತ್ತೆಯವರ ಪ್ರೀತಿ ದೊಡ್ಡದು, ಆದರೆ ಮಲಗಿದರೆ ಶಕ್ತಿ ಉಳಿಯೋದಿಲ್ಲ, ಖರ್ಚಾಗುತ್ತದೆ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದರು. ಕಾಲುಗಳ ಸ್ನಾಯುವೇ ಹತ್ತಿರ ಹತ್ತಿರ ಒಂದು ಕಿಲೋ ಕರಗಿತ್ತು. 2007ರಲ್ಲಿ ಪ್ರಕಟವಾದ ಅಧ್ಯಯನ ಇದು. ಕಾಯಿಲೆ ಇರುವವರ ಪಾಡು ಇನ್ನೂ ಕಷ್ಟ, ಅಲ್ವಾ? ಹೀಗೆ ಸೊರಗಿ ಹೋದವರು ಆಪರೇಷನ್ ಆದ ಮೇಲೆ ಎದ್ದು ನಿಲ್ಲುವುದೇ ದೊಡ್ಡ ಕೆಲಸವಾಗುತ್ತದೆ.

ಡೇಟ್‌ಗೆ ಕಾಯುವ ದಿನಗಳನ್ನೂ ಚಿಕಿತ್ಸೆ ಅಂತಲೇ ನೋಡಬೇಕು ಅನ್ನುವ ವೈದ್ಯರು ಈಗ ಜಾಸ್ತಿಯಾಗುತ್ತಿದ್ದಾರೆ. ನಿಮ್ಮ ತಂದೆಯವರಂತೆಯೇ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 251 ಜನರ ಮೇಲೆ ನಡೆದ ಒಂದು ಅಧ್ಯಯನ 2023ರಲ್ಲಿ ಬಂತು. ಒಂದು ಗುಂಪಿಗೆ ನಾಲ್ಕು ವಾರ ವ್ಯಾಯಾಮ, ಒಳ್ಳೆ ಊಟ, ಮನಸ್ಸಿಗೆ ಧೈರ್ಯ, ಸಿಗರೇಟ್ ಬಿಡಲು ಸಹಾಯ ಎಲ್ಲ ಒಟ್ಟಿಗೆ ಸಿಕ್ಕಿತು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ಆಪರೇಷನ್ ನಂತರ ಗಂಭೀರ ತೊಂದರೆಗೆ ಸಿಕ್ಕಿಕೊಂಡವರು ಎರಡನೇ ಗುಂಪಿನಲ್ಲಿ ನೂರಕ್ಕೆ ಸುಮಾರು 30, ಮೊದಲ ಗುಂಪಿನಲ್ಲಿ 17. ನಿಮ್ಮ ಕೈಯಲ್ಲೂ ನಾಲ್ಕು ವಾರ ಇದೆ. ಹಾಗಂತ ಇನ್ನಷ್ಟು ತಯಾರಿ ಮಾಡಿಸೋಣ ಅಂತ ನೀವಾಗೇ ಡೇಟ್ ಮುಂದೆ ಹಾಕಬೇಡಿ. ಅದು ಸರ್ಜನ್ ತೀರ್ಮಾನ.

ನಡಿಗೆ ತೋಟದ ಬದುವಿನಲ್ಲೇ ಆಗಲಿ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ವೇಗ ಸಾಕು. ಮೊದಲು ಹತ್ತು ನಿಮಿಷ, ಆಮೇಲೆ ದಿನದಿನಕ್ಕೂ ಸ್ವಲ್ಪ ಜಾಸ್ತಿ. ಕುರ್ಚಿಯ ಮೇಲೆ ಕೂತು, ಕೈ ಊರದೆ ಏಳುವುದು, ಮತ್ತೆ ಕೂರುವುದನ್ನೂ ಮಾಡಿಸಿ. ಆಪರೇಷನ್ ಆದ ಮರುದಿನ ಮಂಚದಿಂದ ಇಳಿಸುವಾಗ ಇದೇ ಕಾಲು ಕೆಲಸಕ್ಕೆ ಬರುವುದು. ಹಿಮೋಗ್ಲೋಬಿನ್ 9 ಇರುವುದರಿಂದ ಬೇಗ ಸುಸ್ತಾಗುತ್ತದೆ. ಎದೆನೋವು, ತಲೆಸುತ್ತು, ಮೇಲುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ನಡೆಯುವುದು ಬೇಡ.

ಇನ್ನು ಉಸಿರು. ಹೊಟ್ಟೆ ಕೊಯ್ದ ಮೇಲೆ ನೋವಿಗೆ ಹೆದರಿ ಜನ ಉಸಿರನ್ನು ಮೇಲೆ ಮೇಲೆ ಎಳೆಯುತ್ತಾರೆ, ಕೆಮ್ಮುವುದಿಲ್ಲ. ಕಫ ಕೆಳಗೆ ಕೂತು ನ್ಯುಮೋನಿಯಾ ಆಗುವುದು ಹೀಗೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಆಸ್ಪತ್ರೆಗಳಲ್ಲಿ, ಮೇಲ್ಹೊಟ್ಟೆಯ ಆಪರೇಷನ್‌ಗೆ ಮೊದಲು ಫಿಸಿಯೋಥೆರಪಿಸ್ಟ್ ಬರೀ ಅರ್ಧ ಗಂಟೆ ಕೂತು ಉಸಿರಾಟದ ವ್ಯಾಯಾಮ ಕಲಿಸಿದರು. ಎಚ್ಚರವಾದ ತಕ್ಷಣ ಯಾಕೆ ಶುರು ಮಾಡಬೇಕು ಅಂತಲೂ ಬಿಡಿಸಿ ಹೇಳಿದರು. ಶ್ವಾಸಕೋಶದ ತೊಂದರೆ ನೂರಕ್ಕೆ 27 ಇದ್ದದ್ದು 12ಕ್ಕೆ ಇಳಿಯಿತು. ಅರ್ಧ ಗಂಟೆಯ ಮಾತಿಗೆ ಇಷ್ಟು! ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಎಂಬ ಸಾಧನ ಕೊಟ್ಟರೆ ಒಂದು ನೆನಪಿಡಿ: ಅದನ್ನು ಊದಬಾರದು, ಉಸಿರು ನಿಧಾನವಾಗಿ ಒಳಗೆ ಎಳೆಯಬೇಕು. ಊದುವವರೇ ಜಾಸ್ತಿ. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮುವುದನ್ನೂ ಈಗಲೇ ಅಭ್ಯಾಸ ಮಾಡಿಸಿ.

ಬೀಡಿ ಇವತ್ತೇ ನಿಲ್ಲಬೇಕು. ನಾಲ್ಕು ವಾರ ಮೊದಲು ಬಿಟ್ಟವರಿಗೆ ತೊಂದರೆ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಅಷ್ಟೇ ದಿನ ಉಳಿದಿದೆ. ಕದ್ದು ಸೇದಿದರೆ ಅರಿವಳಿಕೆ ಡಾಕ್ಟರಿಗೆ ಹೇಳಲಿ, ನಾಚಿಕೆ ಬೇಡ.

ಗಂಜಿಯ ವಿಷಯ. ಗಾಯ ಮಾಯಲು ಪ್ರೋಟೀನ್ ಬೇಕು, ಗಂಜಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈ ಸಮಯದಲ್ಲಿ ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಹೇಳುತ್ತಾರೆ. ಐವತ್ತು ಕಿಲೋ ಇರುವವರಿಗೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಲಿಗೆ ಹೆಸರಾದ ಜಿಲ್ಲೆ ನಮ್ಮದು. ಮನೆ ಹಾಲೆಲ್ಲ ಡೇರಿಗೆ ಹಾಕಿ ಅಪ್ಪನಿಗೆ ಗಂಜಿ ತಿಳಿ ಕೊಡುವುದು ಯಾವ ನ್ಯಾಯ? ಆದರೆ ಕರುಳಿನ ದಾರಿ ಕಿರಿದಾಗಿದ್ದರೆ ನಾರು ಕಡಿಮೆ ಇರುವ ಊಟವನ್ನೇ ಹೇಳಿರುತ್ತಾರೆ. ಮುದ್ದೆ, ಸೊಪ್ಪು, ಅವರೆಕಾಳು ಕೊಡಬಹುದಾ ಅಂತ ಕೇಳಿಯೇ ಕೊಡಿ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಲೆಕ್ಕವೂ ಬದಲಾಗುತ್ತದೆ.

ಬೀಟ್‌ರೂಟ್, ದಾಳಿಂಬೆ ತಿನ್ನಿಸಿ ರಕ್ತ ಏರಿಸುತ್ತೇವೆ ಅಂತ ಸುಮ್ನೆ ಕೂರಬೇಡಿ. ಈ ಗಡ್ಡೆ ಒಳಗೊಳಗೇ ರಕ್ತ ಸೋರಿಸುತ್ತಾ ಇರಬಹುದು. ಮಾತ್ರೆ ಸಾಕಾ, ಕಬ್ಬಿಣಾಂಶವನ್ನು ಡ್ರಿಪ್‌ನಲ್ಲಿ ಕೊಡಬೇಕಾ ಅಂತ ಈ ವಾರವೇ ಕೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ನಿದ್ದೆಯಿಲ್ಲದ ರಾತ್ರಿ. 1964ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್‌ನ ಆಸ್ಪತ್ರೆಯೊಂದರ ಲಾರೆನ್ಸ್ ಎಗ್ಬರ್ಟ್ ಎಂಬ ಅರಿವಳಿಕೆ ವೈದ್ಯರು ಒಂದು ಸರಳ ಕೆಲಸ ಮಾಡಿದರು. ಹೊಟ್ಟೆ ಆಪರೇಷನ್‌ಗೆ ಬಂದ ಕೆಲವರಿಗೆ ಮೊದಲೇ ನಿಜ ಹೇಳಿದರು: ನೋವು ಆಗುತ್ತದೆ, ಇಂಥ ಕಡೆ ಆಗುತ್ತದೆ, ಇಷ್ಟು ದಿನ ಇರುತ್ತದೆ, ಆಗ ಮೈ ಹೀಗೆ ಸಡಿಲ ಬಿಡಿ, ಹೀಗೆ ಮಗ್ಗುಲಾಗಿ. ಅವರಿಗೆ ನೋವಿನ ಔಷಧಿ ಉಳಿದವರಿಗೆ ಬೇಕಾದದ್ದರ ಅರ್ಧದಷ್ಟು ಸಾಕಾಯಿತು. ಉಳಿದವರಿಗಿಂತ ಎರಡು ದಿನಕ್ಕೂ ಹೆಚ್ಚು ಮುಂಚೆ ಮನೆಗೆ ಹೋದರು.

ನಿಮ್ಮ ತಂದೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಏನಕ್ಕೆ ಸಹಿ ಅಂತ ತಿಳಿಯದೆ ಹೇಗೆ ಹಾಕುತ್ತಾರೆ? ಎಲ್ಲವನ್ನೂ ಒಂದೇ ಸಲ ತಲೆ ಮೇಲೆ ಹೇರಿ ಅನ್ನುತ್ತಿಲ್ಲ. ‘ಅಪ್ಪಾ, ಡಾಕ್ಟರ್ ಹೇಳಿದ್ದನ್ನ ಪೂರ್ತಿ ಕೇಳ್ತೀರಾ?’ ಅಂತ ಕೇಳಿ. ಅವರು ಎಷ್ಟು ಕೇಳುತ್ತಾರೋ ಅಷ್ಟು ಹೇಳಿ, ಸುಳ್ಳು ಮಾತ್ರ ಬೇಡ. ರಾತ್ರಿಯೆಲ್ಲಾ ಕೂರುವವರಿಗೆ ಅರ್ಧ ಆಗಲೇ ಗೊತ್ತಿರುತ್ತದೆ. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ನಿಮ್ಮದೂ ಹಾಗಿದ್ದರೆ ವಾರ್ಡಿನಲ್ಲಿ ತೆಲುಗು ಬಲ್ಲ ನರ್ಸ್ ಒಬ್ಬರು ಸಿಗುತ್ತಾರಾ ನೋಡಿ. ಭಯವನ್ನು ಮನೆ ಮಾತಿನಲ್ಲಿ ಹೇಳಿಕೊಳ್ಳುವುದು ಸುಲಭ. ಮಲ ಹೋಗಲು ಹೊಟ್ಟೆಗೆ ಚೀಲ ಇಡಬೇಕಾಗಬಹುದಾ ಅಂತ ಸರ್ಜನ್‌ರನ್ನು ಅಪ್ಪನ ಎದುರಿಗೇ ಕೇಳಿ. ಇಡುವುದಾದರೆ, ಪಂಚೆ ಕಟ್ಟುವ ಜಾಗ ತಪ್ಪಿಸಿ ಮೊದಲೇ ಗುರುತು ಹಾಕಬಹುದು. ಎದ್ದ ಮೇಲೆ ಅದನ್ನು ಮೊದಲ ಸಲ ನೋಡಿ ಕುಸಿದವರಿದ್ದಾರೆ.

ಸಾಲದ ಚಿಂತೆಯೂ ನಿದ್ದೆ ಕೆಡಿಸುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ರೆಫರಲ್ ಪತ್ರ ಬೇಕಾ ಅಂತ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಆಗುವುದನ್ನು ಅಪ್ಪನಿಗೂ ತಿಳಿಸಿ. ಧೈರ್ಯ ಹೇಳಲು ಬಂದು, ಯಾರೋ ಆಪರೇಷನ್‌ನಲ್ಲಿ ಹೋದ ಕಥೆ ತೆಗೆಯುವ ನೆಂಟರಿಗೆ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಿ.

ಸೋದರತ್ತೆಯವರಿಗೂ ಕೆಲಸ ಕೊಡಿ. ಸಂಜೆ ಅಣ್ಣನ ಜೊತೆ ನಡೆಯಲಿ, ಊಟದ ಲೆಕ್ಕ ಇಡಲಿ.

ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ, ನಾಟಿ ಔಷಧಿ ಏನಿದ್ದರೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವುದನ್ನೂ ನೀವಾಗೇ ನಿಲ್ಲಿಸಬೇಡಿ. ಈ ನಾಲ್ಕು ವಾರದಲ್ಲಿ ಹೊಟ್ಟೆ ಉಬ್ಬರಿಸಿ ವಾಂತಿ ಶುರುವಾದರೆ, ಮಲ, ಗಾಳಿ ಎರಡೂ ನಿಂತರೆ, ಅಥವಾ ರಕ್ತ ಜಾಸ್ತಿ ಹೋದರೆ, ಆ ಡೇಟ್‌ಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.