ಕಾಸರಗೋಡಿನ ಕಾಲೇಜು ಹುಡುಗರು ಊರಿಗೆ ಏನು ಮಾಡ್ತಾರೆ ಅಂತ ಕೇಳಿದ್ದಿರಲ್ಲ

"ಹೋರಾಟ, ಧರಣಿ ಬಿಟ್ಟರೆ ನಿಮ್ಮ ಕಡೆಯ ಕನ್ನಡದ ಹುಡುಗರು ಊರಿಗೆ ಬೇರೇನು ಮಾಡ್ತಾರೆ?" ಅಂತ ಕೇಳಿದ್ದೀರಿ. ಬೇಜಾರಿಲ್ಲ. ಬೆಂಗಳೂರಿನ ಪೇಪರಿನಲ್ಲಿ ನಮ್ಮ ಸುದ್ದಿ ಬರುವುದೇ ಧರಣಿ ಇದ್ದಾಗ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂತ ಮಹಾಜನ ಆಯೋಗ ಹೇಳಿತು, ಅದು ಆಗಲಿಲ್ಲ. ಇಷ್ಟು ನಿಮಗೂ ಗೊತ್ತಿರುತ್ತದೆ. ಆದರೆ ಅದರ ನಡುವೆಯೇ ದಿನ ಕಳೆಯಬೇಕಲ್ವಾ? ರಸ್ತೆ ಬೇಕು, ಬೇಸಿಗೆಯಲ್ಲಿ ನೀರು ಬೇಕು, ಅಜ್ಜಿಗೆ ಪೆನ್ಶನ್ ಬೇಕು. ನಮ್ಮ ಹುಡುಗರ ಕೆಲಸ ಜಾಸ್ತಿ ಇರುವುದು ಅಲ್ಲೇ.

ಮೊದಲು ಗ್ರಾಮಸಭೆಯ ವಿಷಯ ಹೇಳುತ್ತೇನೆ. ಕರ್ನಾಟಕದಲ್ಲೂ ಗ್ರಾಮಸಭೆ ಇದೆ. ಆದರೆ ಕೇರಳದಲ್ಲಿ ಪ್ರತಿ ವಾರ್ಡಿಗೂ ಒಂದೊಂದು ಗ್ರಾಮಸಭೆ. ವಾರ್ಡಿನ ಮೆಂಬರೇ ಅದನ್ನು ಕರೆಯಬೇಕು, ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಹತ್ತರಲ್ಲಿ ಒಬ್ಬ ಮತದಾರನಾದರೂ ಬಂದಿರಬೇಕು ಅಂತ ಕಾನೂನು. 1996ರಲ್ಲಿ ಇಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಜನರೇ ಕೂತು ಯೋಜನೆ ಹಾಕುವ ಕ್ರಮ, ಶುರುವಾದಾಗ, ರಾಜ್ಯದ ಯೋಜನಾ ಹಣದ ಶೇಕಡಾ 35ರಿಂದ 40ರಷ್ಟನ್ನು ಪಂಚಾಯತು, ನಗರಸಭೆಗಳಿಗೇ ಬಿಟ್ಟುಕೊಡುತ್ತೇವೆ ಅಂದರು. ಹಾಗಾಗಿ ಗ್ರಾಮಸಭೆಯಲ್ಲಿ ಸುಮ್ನೆ ಮಾತಾಡಿ ಎದ್ದು ಹೋಗುವುದಲ್ಲ. ಮನೆ ಯಾರಿಗೆ, ಆಡು ಯಾರಿಗೆ, ಗಿಡ ಯಾರಿಗೆ ಅನ್ನುವ ಪಟ್ಟಿ ಅಲ್ಲಿಗೇ ಬರುತ್ತದೆ.

ನಾನು ಮೊದಲ ಸಲ ಹೋದದ್ದು ಡಿಗ್ರಿ ಎರಡನೇ ವರ್ಷದಲ್ಲಿ. ಊರಿನ ಮೇಲಿನ ಪ್ರೀತಿಯಿಂದ ಅಲ್ಲ. ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸವಿತ್ತು, ತಪ್ಪಿಸಿಕೊಳ್ಳಲು ಇದೊಂದು ನೆಪ. ಸಭೆ ಶಾಲೆಯ ಹಾಲ್‌ನಲ್ಲಿ, ಮಕ್ಕಳು ಕೂರುವ ಬೆಂಚು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಎದುರಿನ ಬೆಂಚಿನಲ್ಲಿ ನೆರೆಮನೆಯ ಅಕ್ಕ ಒಂದು ಫಾರಂ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಫಾರಂ ಮಲಯಾಳದಲ್ಲಿತ್ತು. ಅವರಿಗೆ ಬೇಕಾದದ್ದು ದನದ ಹಟ್ಟಿ. ಗುರುತು ಹಾಕಿದ್ದು ಕೋಳಿಗೂಡಿಗೆ. ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ನನಗೂ ಮಲಯಾಳ ಸಿನಿಮಾ ಅರ್ಥವಾಗುತ್ತಿತ್ತೇ ಹೊರತು ಅಕ್ಷರ ಸರಿಯಾಗಿ ಓದಲು ಬರುತ್ತಿರಲಿಲ್ಲ.

ನಮ್ಮ ಅವಸ್ಥೆ ನೋಡಿ. ಅಲ್ಲಿ ಮಾತು ನಡೆಯುವುದು ತುಳುವಿನಲ್ಲಿ, ಬರೆಯುವುದು ಮಲಯಾಳದಲ್ಲಿ, ನಾವು ಓದಿದ್ದು ಕನ್ನಡ ಮೀಡಿಯಂನಲ್ಲಿ. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುವಾಗ ಚಂದ ಕೇಳುತ್ತದೆ. ಫಾರಂ ತುಂಬುವಾಗ ಅಷ್ಟು ಚಂದ ಇರುವುದಿಲ್ಲ. ಆ ವರ್ಷ ಮೂರು ತಿಂಗಳು ಕೂತು ಮಲಯಾಳ ಅಕ್ಷರ ಕಲಿತೆ. ನನ್ನ ಮಟ್ಟಿಗೆ ಗಡಿನಾಡಿನ ಕನ್ನಡ ಹುಡುಗನೊಬ್ಬ ಊರಿಗಾಗಿ ಮಾಡಬಹುದಾದ ಮೊದಲ ಕೆಲಸ ಇದೇ. ಕೆಲವು ಗೆಳೆಯರು ಒಪ್ಪುವುದಿಲ್ಲ. "ನಾವು ಯಾಕೆ ಕಲಿಯಬೇಕು, ಅವರು ಕನ್ನಡದಲ್ಲಿ ಕೊಡಲಿ" ಅನ್ನುತ್ತಾರೆ. ಅವರ ಮಾತಿಗೂ ಕಾನೂನಿನ ಬಲ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು. ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲೂ ಕೊಡಬಹುದು ಅನ್ನುವ ಸಂವಿಧಾನದ 350ನೇ ವಿಧಿಯೂ ನಮ್ಮ ಪರವಾಗಿದೆ.

ಹಾಗಂತ ಪೆನ್ಶನ್ ನಿಂತ ಅಜ್ಜಿಯ ಹತ್ತಿರ 350ನೇ ವಿಧಿ ಓದಿ ಹೇಳಲಿಕ್ಕಾಗುತ್ತದಾ? ಇಲ್ಲಿ ಪೆನ್ಶನ್ ಪಡೆಯುವವರು ಮಸ್ಟರಿಂಗ್ ಮಾಡಿಸಬೇಕು. ಅಂದರೆ ಸರಕಾರಿ ಆನ್‌ಲೈನ್ ಸೇವೆ ಸಿಗುವ ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿ, ನಾನು ಬದುಕಿದ್ದೇನೆ ಅಂತ ತೋರಿಸಬೇಕು. ನಮ್ಮ ಬೈಲಿನ ಒಬ್ಬ ಅಜ್ಜಿಗೆ ಆ ಸೂಚನೆ ಬಂದದ್ದು ಮಲಯಾಳದಲ್ಲಿ. ಅವರು ಅದನ್ನು ದೇವರ ಫೋಟೋದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ದುಡ್ಡು ನಿಂತ ಮೇಲೆ ಕರೆದು, "ಇದರಲ್ಲಿ ಎಂತ ಉಂಟು ನೋಡು ಮಗಾ" ಅಂದರು. ಅಂಥ ದಿನ ನಾನು ಮೊದಲು ಮಲಯಾಳದಲ್ಲಿ ಅರ್ಜಿ ಬರೆದು ದುಡ್ಡು ಬರಿಸುತ್ತೇನೆ. "ಇನ್ನು ಮುಂದೆ ಸೂಚನೆ ಕನ್ನಡದಲ್ಲೂ ಕೊಡಿ" ಅನ್ನುವ ಇನ್ನೊಂದು ಅರ್ಜಿ ಕನ್ನಡದಲ್ಲೇ ಬರೆಯುತ್ತೇನೆ. ಎರಡೂ ಒಂದೇ ಲಕೋಟೆಯಲ್ಲಿ ಹೋಗುತ್ತವೆ. ಎರಡನೆಯದಕ್ಕೆ ಉತ್ತರ ಬರಲು ತಡವಾಗುತ್ತದೆ, ಆಗ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. 30 ದಿನದೊಳಗೆ ಉತ್ತರ ಕೊಡಬೇಕು.

ಮತದಾರರ ಪಟ್ಟಿಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಾರ್ಡಿನ ಪಟ್ಟಿಯಲ್ಲಿ ಹೆಸರಿಲ್ಲದವನು ಗ್ರಾಮಸಭೆಯ ಸದಸ್ಯನೇ ಅಲ್ಲ. ನಮ್ಮ ಹುಡುಗರು ಎಡವುವುದು ಇಲ್ಲಿ. ಕೇರಳದಲ್ಲಿ ಪಂಚಾಯತು ಚುನಾವಣೆಯ ಪಟ್ಟಿ ಬೇರೆ, ವಿಧಾನಸಭೆ ಮತ್ತು ಲೋಕಸಭೆಯ ಪಟ್ಟಿ ಬೇರೆ. ಮೊದಲನೆಯದು ರಾಜ್ಯ ಚುನಾವಣಾ ಆಯೋಗದ್ದು. ವೋಟರ್ ಕಾರ್ಡ್ ಕೈಯಲ್ಲಿದೆ ಅಂತ ಧೈರ್ಯವಾಗಿ ಹೋದವನು ಪಂಚಾಯತು ಚುನಾವಣೆಯ ದಿನ ಹೆಸರಿಲ್ಲದೆ ವಾಪಸ್ ಬಂದದ್ದನ್ನು ನೋಡಿದ್ದೇನೆ. ಇನ್ನು ಮಂಗಳೂರಿನಲ್ಲಿ ಓದುವವರು ತುಂಬಾ ಜನ. ಹಾಸ್ಟೆಲ್ ವಿಳಾಸದಲ್ಲೂ ಹೆಸರು ಸೇರಿಸಬಹುದು, ಆದರೆ ಎರಡೂ ಕಡೆ ಇರುವ ಹಾಗಿಲ್ಲ. ಊರಿನಲ್ಲೇ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಈಗ ವಿಧಾನಸಭೆಯ ಪಟ್ಟಿಗೆ 17 ದಾಟಿದವರು ಮುಂಚಿತವಾಗಿ ಅರ್ಜಿ ಹಾಕಬಹುದು, ವರ್ಷದಲ್ಲಿ ನಾಲ್ಕು ಅರ್ಹತಾ ದಿನಗಳಿವೆ. ಡಿಗ್ರಿ ಮೊದಲ ವರ್ಷಕ್ಕೆ ಬಂದವರನ್ನು ಒಟ್ಟಿಗೆ ಕೂರಿಸಿ ಎರಡೂ ಪಟ್ಟಿಗೆ ಅರ್ಜಿ ಹಾಕಿಸಲು ಒಂದು ಮಧ್ಯಾಹ್ನ ಸಾಕು.

ಕಾಲೇಜಿನೊಳಗಿನ ರಾಜಕೀಯ ನಿಮಗೆ ಹೊಸದಾಗಿ ಕಾಣಬಹುದು. ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆ ನಿಂತು ದಶಕಗಳಾದವು. ಇಲ್ಲಿ ಗೋಡೆಯೆಲ್ಲ ಬಾವುಟ, ಮೆಟ್ಟಿಲ ಮೇಲೆ ಘೋಷಣೆ. ವಿದ್ಯಾರ್ಥಿ ಚುನಾವಣೆಗೆ ನಿಯಮ ಹೇಳಿದ ಲಿಂಗ್ಡೊ ಸಮಿತಿ ಅಭ್ಯರ್ಥಿಯ ಖರ್ಚಿಗೆ 5000 ರೂಪಾಯಿಯ ಮಿತಿ ಹಾಕಿದೆ. ಆದರೂ ಗಲಾಟೆಗೆ ಕಡಿಮೆ ಇಲ್ಲ, ಕೆಲವೊಮ್ಮೆ ಪೆಟ್ಟೂ ಬೀಳುತ್ತದೆ. ಅದನ್ನು ಹೊಗಳಲಾರೆ. ಆದರೆ ಮೈಕ್ ಹಿಡಿದು ಹೆದರದೆ ಮಾತಾಡುವುದು ಅಲ್ಲೇ ಬರುತ್ತದೆ. 2020ರ ಡಿಸೆಂಬರಿನಲ್ಲಿ ತಿರುವನಂತಪುರದ ಮೇಯರ್ ಆದ ಆರ್ಯಾ ರಾಜೇಂದ್ರನ್ ಆಗಿನ್ನೂ ಕಾಲೇಜಿನಲ್ಲಿ ಓದುತ್ತಿದ್ದರು, ವಯಸ್ಸು 21. ಸ್ಪರ್ಧಿಸಲು ಬೇಕಾದ ಕನಿಷ್ಠ ವಯಸ್ಸೂ ಅಷ್ಟೇ. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳೂ ಬರೀ ಕವಿಯಾಗಿರಲಿಲ್ಲ, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು.

ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಎಲ್ಲ ಕಡೆಯ ಹಾಗೇ. ಎರಡು ವರ್ಷಕ್ಕೆ 240 ಗಂಟೆ, ಏಳು ದಿನದ ಶಿಬಿರ. ಗಂಟೆ ತುಂಬಿಸಲು ಪೊರಕೆ ಹಿಡಿದು ಫೋಟೋ ತೆಗೆಸುವವರೂ ಇದ್ದಾರೆ. ಅದಕ್ಕಿಂತ ಪಾಲಿಯೇಟಿವ್ ಕೆಲಸದಲ್ಲಿ ಕಲಿಯುವುದು ಜಾಸ್ತಿ. ಹಾಸಿಗೆ ಹಿಡಿದವರ ಮನೆಗೆ ನರ್ಸಿನ ಜೊತೆ ಹೋಗುವುದು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬೇರೆಯೇ ತೂಕ ಇದೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆಯ ಕಡೆ ಅದರ ನೋವು ಇನ್ನೂ ಮನೆಮನೆಯಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ಪರಿಹಾರ ಕೊಡಿ ಅಂದಿತು. ಆದೇಶ ಬಂದ ಮೇಲೂ ಕಾಗದ ಹಿಡಿದು ಆಫೀಸಿಗೆ ಅಲೆಯಬೇಕು. ಮಗುವನ್ನು ಬಿಟ್ಟು ಹೊರಡಲಾಗದ ತಾಯಿಯ ಬದಲು ಆ ಕಾಗದ ಹಿಡಿದು ಹೋಗುವ ಒಬ್ಬ ಬೇಕು. ಅಥವಾ ಅವರು ಹೋಗಿ ಬರುವವರೆಗೆ ಮನೆಯಲ್ಲಿ ಕೂರುವ ಒಬ್ಬ.

ಹಟ್ಟಿ ಕೇಳಿದ ಅಕ್ಕನಿಗೆ ಆ ವರ್ಷ ಸಿಗಲಿಲ್ಲ, ಮರುವರ್ಷ ಸಿಕ್ಕಿತು. ನೀವು ಈ ಕಡೆ ಬರುವುದಾದರೆ ಗ್ರಾಮಸಭೆ ಇರುವ ದಿನ ನೋಡಿಕೊಂಡು ಬನ್ನಿ. ನೀವು ನಮ್ಮ ವಾರ್ಡಿನ ವೋಟರ್ ಅಲ್ಲ, ಕೈ ಎತ್ತುವ ಹಾಗಿಲ್ಲ. ಹಿಂದಿನ ಬೆಂಚಿನಲ್ಲಿ ಜಾಗ ಹಿಡಿದಿಡುತ್ತೇನೆ. ಮೊಣಕಾಲು ಮಾತ್ರ ಸ್ವಲ್ಪ ನೋಯುತ್ತದೆ.