ಮೂವರಿಗೂ ಒಂದೇ ಕಂಬಳಿ ಹೊದಿಸಿದ್ದೀರಿ

ನಮಸ್ಕಾರ.

ಹಾಸನದ ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯುವ ಮೂವರ (ಒಬ್ಬ ಅಜ್ಜ, ಒಬ್ಬ ಹುಡುಗ, ಒಬ್ಬ ಹೆಂಗಸು) ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಸಾಡುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪ್ಯಾರಾ ತೆಗೆದುಬಿಡಿ. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು 17.73 ಲಕ್ಷ ಎಂಬುದು ಸರಿಯೇ. ಆದರೆ ಅದನ್ನು ಓದಿ ಯಾರೂ ಎರಡನೇ ಪ್ಯಾರಾಗೆ ಬರುವುದಿಲ್ಲ. ಬೇಕೇ ಬೇಕು ಅಂದರೆ, ಅವರನ್ನು ಫೆಬ್ರವರಿ 28ರ ಒಂದೇ ರಾತ್ರಿ ಎಣಿಸಿದರು ಅನ್ನುವುದನ್ನು ಬರೆಯಿರಿ.

ನನ್ನ ತಕರಾರು ಇರುವುದು ಅಂಕಗಳ ಮೇಲೆ. 1967ರಲ್ಲಿ ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ ಮಾಡಿದ ಒತ್ತಡದ ಪಟ್ಟಿ ತಂದಿದ್ದೀರಿ. ಬದುಕಿನ 43 ಘಟನೆ, ಒಂದೊಂದು ಎಷ್ಟು ಒತ್ತಡ ತರುತ್ತದೆ ಅನ್ನುವುದಕ್ಕೆ ಇಷ್ಟು ಅಂತ ಅಂಕ. ಮೂಡಿಗೆರೆ ಕಡೆಯ ಕಾಫಿ ತೋಟದಿಂದ ಬಂದ ಅಜ್ಜನಿಗೆ ಹೆಂಡತಿ ಸತ್ತದ್ದಕ್ಕೆ 100, ಕೆಲಸ ಹೋದದ್ದಕ್ಕೆ 47, ಮನೆ ಬದಲಾದದ್ದಕ್ಕೆ 20 ಹಾಕಿ 167 ಅಂತ ಕೂಡಿಸಿದ್ದೀರಿ. ಆ 20 ಅಂಕ ಲಾರಿಗೆ ಸಾಮಾನು ಹೇರಿಕೊಂಡು ಬೇರೆ ಮನೆಗೆ ಹೋಗುವವರದ್ದು, ಅಲ್ವಾ? ಸೂರೇ ಹೋಗುವುದು ಆ ಪಟ್ಟಿಯಲ್ಲಿಲ್ಲ. (ಕ್ರಿಸ್‌ಮಸ್‌ಗೆ ಮಾತ್ರ 12 ಅಂಕ ಇದೆ!) ತೋಟದ ಕೆಲಸದವರಿಗೆ ಕೊಡುವ ಲೈನ್ ಮನೆ ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ಹೆಂಡತಿಯ ತಿಥಿ ಮುಗಿದ ಮೇಲೆ ಅಜ್ಜನಿಗೆ ಕೈಲಾಗಲಿಲ್ಲ, ಹಾಜರಿ ತಪ್ಪಿತು, ತೋಟದ ಲೆಕ್ಕ ನೋಡುವ ರೈಟರ್ ಬೀಗದ ಕೈ ಕೇಳಿದರು. ಒಂದರ ಬಾಲ ಹಿಡಿದು ಇನ್ನೊಂದು ಬಂದಿದೆ. ಬರೆಯುವಾಗಲೂ ಹಾಗೇ ಬರಲಿ, ಸುಮ್ನೆ ಕೂಡಿಸಬೇಡಿ.

ಹುಡುಗನದ್ದು ಉಲ್ಟಾ ಕಥೆ. ಅಪ್ಪನ ಏಟಿಗೆ ಹೆದರಿ ಹದಿಮೂರಕ್ಕೇ ಮನೆ ಬಿಟ್ಟವನು. ಮನೆ ಇಲ್ಲದ್ದಕ್ಕಿಂತ ಇದ್ದಾಗಲೇ ಅವನಿಗೆ ಕಾಟ ಜಾಸ್ತಿ. ಅವನ ಬಾಯಲ್ಲೂ 'ಮನೆ ನೆನಪಾಗುತ್ತದೆ' ಅಂತ ಹೇಳಿಸಿದ್ದೀರಿ. ನಿಜಕ್ಕೂ ಹೇಳಿದನಾ? ನನಗೆ ಅನುಮಾನ.

ಇನ್ನು ಆ ಹೆಂಗಸು. ಕತ್ತಲಾದ ಮೇಲೆ ಶೌಚಾಲಯದ ಕಡೆ ಹೋಗಲು ಭಯ, ಹಾಗಾಗಿ ಸಂಜೆ ಆರರ ನಂತರ ನೀರೇ ಕುಡಿಯುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಕೂತೇ ತೂಕಡಿಸುತ್ತಾರೆ. ಯಾರಾದರೂ ಎಬ್ಬಿಸಿದರೆ ತೋರಿಸಲು ಮುಷ್ಟಿಯಲ್ಲಿ ಒಂದು ಹಳೇ ಟಿಕೆಟ್. ಇಡೀ ಲೇಖನದಲ್ಲಿ ನಾನು ಹಿಂದೆ ಹೋಗಿ ಮತ್ತೆ ಓದಿದ್ದು ಇದೊಂದನ್ನೇ. ಇದನ್ನು ಕೊನೆಯಲ್ಲಿ ಎರಡು ಸಾಲಿಗೆ ಮುಗಿಸಿ, 'ಇಂಥ ನಿರ್ಗತಿಕರಿಗೆ ಸಮಾಜ ಸ್ಪಂದಿಸಬೇಕು' ಅಂತ ಹಾರಿಬಿಟ್ಟಿರಲ್ಲ! ಈ ಟಿಕೆಟ್‌ನಿಂದಲೇ ಶುರು ಮಾಡಿ. ಅಜ್ಜನೂ ಹುಡುಗನೂ ಚಪ್ಪಲಿಯನ್ನು ತಲೆಗಿಟ್ಟುಕೊಂಡು ಮಲಗುತ್ತಾರೆ ಅಂತ ನೀವೇ ಬರೆದಿದ್ದೀರಿ. ಅದನ್ನು ಇದರ ಪಕ್ಕದಲ್ಲೇ ತಂದಿಡಿ.

'ನಿರ್ಗತಿಕ' ಹನ್ನೊಂದು ಸಲ ಬಂದಿದೆ. ಎಲ್ಲಾ ಹೊಡೆದುಹಾಕಿ. ಅಜ್ಜ, ಹುಡುಗ, ಅಮ್ಮ ಅಂದರೆ ಸಾಕು.

ಇನ್ನೊಂದು ರಾತ್ರಿ ಹೋಗಿ ಕೂತು ಬನ್ನಿ. ನಗರದಲ್ಲಿ ಮನೆಯಿಲ್ಲದವರಿಗೆ ರಾತ್ರಿ ತಂಗುದಾಣ ಮಾಡಲು ಸರ್ಕಾರ 2013ರಲ್ಲಿ ಯೋಜನೆ ತಂದಿತ್ತು. ಅಂಥ ತಂಗುದಾಣಕ್ಕೆ ಹೋಗಲು ಏನು ಅಡ್ಡಿ ಅಂತ ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳಿ. ಫೋಟೋ ಬೇಡ, ಅವರ ಹೆಸರೂ ಬೇಡ. 800 ಪದದೊಳಗೆ ಬರೆದು ಕಳಿಸಿ. ಸ್ವೆಟರ್ ಮರೆಯಬೇಡಿ, ಚಳಿ ಶುರುವಾಗಿದೆ.