ಮಳೆಗಾಲದ ಕೆಸರಿನಲ್ಲಿ ಕಡಲ ಪಳೆಯುಳಿಕೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಚಿತ್ರಗಳನ್ನು ಹಾಕಿ, ಮಳೆಯ ದಿನ ಮಗಳನ್ನು ಕರೆದುಕೊಂಡು ಕಡಲ ಪಳೆಯುಳಿಕೆ ಹುಡುಕಲು ಹಳೆಯ ಜೇಡಿಮಣ್ಣಿನ ಗಣಿಗೆ ಹೋಗಿದ್ದೇ ತಪ್ಪಾಯಿತೇ ಎಂದು ಕೇಳಿದ್ದೀರಿ. ತಪ್ಪೇನೂ ಆಗಿಲ್ಲ. ಇಂಥ ನೆಲದಲ್ಲಿ ಹುಡುಕುವವರಿಗೆ ಮಳೆಯಷ್ಟು ನೆರವಾಗುವುದು ಬೇರೆ ಯಾವುದೂ ಇಲ್ಲ. ಆದರೆ ನೀವು ಬರೆದ ವಿವರ ನೋಡಿದರೆ, ಜಡಿಮಳೆ ಸುರಿಯುತ್ತಿರುವಾಗಲೇ ಗುದ್ದಲಿಯಿಂದ ಅಗೆದಿದ್ದೀರಿ, ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ್ದೀರಿ, ಮನೆಗೆ ಬಂದು ಅಷ್ಟನ್ನೂ ಒಂದೇ ಬಕೆಟ್‌ನಲ್ಲಿ ನೆನೆಹಾಕಿದ್ದೀರಿ. ಮಣ್ಣಿನ ಹೆಂಟೆ ಕರಗದೇ ಉಳಿದದ್ದು, ಮುತ್ತಿನ ಹೊಳಪಿನ ಚಿಪ್ಪು ಪುಡಿಯಾದದ್ದು, ಹಿತ್ತಾಳೆ ಬಣ್ಣದ ಸುರುಳಿಯ ಮೇಲೆ ಬಿಳಿ ಹುಡಿ ಎದ್ದದ್ದು, ಇವುಗಳಲ್ಲಿ ಒಂದೊಂದಕ್ಕೂ ಕಾರಣ ಬೇರೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಕೇಡು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹುಡುಕುವ ವಿಚಾರ. ಒಣಗಿದ ಜೇಡಿಮಣ್ಣು ಬಿರುಕುಬಿಟ್ಟು, ಮೇಲೆ ಬೂದಿಬಣ್ಣದ ಧೂಳು ಕವಿದು, ಯಾವುದು ಕಲ್ಲು ಯಾವುದು ಚಿಪ್ಪು ಎಂಬುದೇ ತಿಳಿಯದಂತಿರುತ್ತದೆ. ಮಳೆಹನಿ ಆ ನುಣುಪು ಮಣ್ಣನ್ನು ತೊಳೆದೊಯ್ಯುತ್ತದೆ. ಗಟ್ಟಿಯಾದ ವಸ್ತು ಇದ್ದ ಕಡೆ ಅದರ ಅಡಿಯ ಮಣ್ಣು ಮಾತ್ರ ಹನಿಯ ಹೊಡೆತಕ್ಕೆ ಸಿಗದೆ ಉಳಿಯುತ್ತದೆ. ಮಳೆ ನಿಂತ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿ: ಬೆರಳುದ್ದದ ಪುಟ್ಟ ಮಣ್ಣಿನ ಕಂಬ, ಅದರ ನೆತ್ತಿಯ ಮೇಲೆ ಒಂದು ಚಿಪ್ಪಿನ ಚೂರು. ಅಂಥ ಕಂಬಗಳು ಸಾಲಾಗಿ ಇರುವ ಜಾಗದಲ್ಲಿ ಗುದ್ದಲಿಯ ಅಗತ್ಯವೇ ಇಲ್ಲ. ಒದ್ದೆಯಾದಾಗ ಬಣ್ಣಗಳೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ನೀಲಿ ಛಾಯೆಯ ಬೂದು ಮಣ್ಣಿನ ಮೇಲೆ ಸುಣ್ಣದ ಖನಿಜವಾದ ಕ್ಯಾಲ್ಸೈಟ್ ಜೇನಿನ ಬಣ್ಣದಲ್ಲಿ, ಕಬ್ಬಿಣ ಮತ್ತು ಗಂಧಕದ ಖನಿಜವಾದ ಪೈರೈಟ್ ಹಿತ್ತಾಳೆಯ ಬಣ್ಣದಲ್ಲಿ, ಶಾರ್ಕ್ ಹಲ್ಲು ಕಪ್ಪು ಮಿಂಚಿನಲ್ಲಿ ಕಣ್ಣಿಗೆ ಬೀಳುತ್ತದೆ.

ಜೋರು ಮಳೆ ಸುರಿಯುವಾಗ ಹೋಗುವುದು ಮಾತ್ರ ವ್ಯರ್ಥ. ಸಿಡಿದ ಕೆಸರು ಎಲ್ಲವನ್ನೂ ಮತ್ತೆ ಮುಚ್ಚಿಬಿಡುತ್ತದೆ. ರಾತ್ರಿಯೆಲ್ಲ ಚೆನ್ನಾಗಿ ಹೊಯ್ದು ಬೆಳಗ್ಗೆ ತುಂತುರಿಗೆ ಇಳಿದ ದಿನವೇ ಸರಿಯಾದ ದಿನ. ಮೋಡದ ಬೆಳಕಿನಲ್ಲಿ ಒದ್ದೆ ನೆಲ ಕಣ್ಣು ಕೋರೈಸುವುದಿಲ್ಲ. ಬಿಸಿಲು ಬಂದು ಮೇಲ್ಪದರ ಹೆಪ್ಪುಗಟ್ಟುವ ಮೊದಲು ನೋಡಿ ಮುಗಿಸಿ.

ಇಡೀ ನೆಲವನ್ನು ಸುತ್ತಬೇಡಿ. ನೀರು ಹರಿದು ಆದ ಸಣ್ಣ ಕೊರಕಲುಗಳನ್ನು ಹಿಡಿದು ನಡೆಯಿರಿ. ಇಳಿಜಾರು ಮುಗಿದು ನೀರಿನ ವೇಗ ತಗ್ಗುವ ಕಡೆ ಭಾರದ ಚೂರುಗಳು ತಂಗುತ್ತವೆ, ಹಗುರವಾದ ಮಣ್ಣು ಮುಂದೆ ಹೋಗುತ್ತದೆ. ಪೈರೈಟಿನ ಸಾಂದ್ರತೆ ನೀರಿನ ಸುಮಾರು 5 ಪಟ್ಟು, ಕ್ಯಾಲ್ಸೈಟಿನದು ಸುಮಾರು 2.7 ಪಟ್ಟು, ಹಾಗಾಗಿ ಸುರುಳಿ ಚಿಪ್ಪಿನ ಪುರಾತನ ಕಡಲಪ್ರಾಣಿಗಳಾದ ಹಿತ್ತಾಳೆ ಬಣ್ಣದ ಪುಟ್ಟ ಅಮೋನೈಟ್‌ಗಳು ಕೊರಕಲಿನ ತಳದಲ್ಲೇ ಗುಂಪಾಗಿ ಸಿಗುತ್ತವೆ. ಅಲ್ಲಿ ಒಂದೇ ಬಗೆಯ ಚೂರುಗಳು ಹೆಚ್ಚು ಕಂಡರೆ ನೀರು ಬಂದ ದಾರಿಯಲ್ಲೇ ಮೇಲಕ್ಕೆ ಹತ್ತಿ. ಚೂರುಗಳು ಇದ್ದಕ್ಕಿದ್ದಂತೆ ನಿಂತುಹೋಗುವ ಎತ್ತರದಲ್ಲೇ ಅವು ಹೊರಟ ಪದರ ಇರುತ್ತದೆ. ಅಲ್ಲಿ ಚಾಕುವಿನ ತುದಿಯಿಂದ ಮೆಲ್ಲಗೆ ಕೆದಕಿದರೆ ಸಾಕು.

ನೀವು ಹಾಕಿದ ಎರಡನೆಯ ಚಿತ್ರದಲ್ಲಿ ನೆಲದ ತುಂಬ ಗಾಜಿನಂತೆ ಹೊಳೆಯುವ ಹರಳುಗಳಿವೆ. ಅದು ಜಿಪ್ಸಂ. ಗಾಳಿ ಮತ್ತು ತೇವ ತಾಗಿದ ಪೈರೈಟ್ ಕೊಳೆತು ಗಂಧಕಾಮ್ಲ ಹುಟ್ಟಿ, ಆ ಆಮ್ಲ ಚಿಪ್ಪಿನ ಸುಣ್ಣದ ಅಂಶವನ್ನು ತಿಂದಾಗ ಈ ಹರಳು ಬೆಳೆಯುತ್ತದೆ. ಅಂದರೆ ಅಲ್ಲಿ ಪಳೆಯುಳಿಕೆಗಳು ಇದ್ದವು, ಮೇಲಿನವು ಕರಗಿಹೋಗಿವೆ. ನೀವು ಅಷ್ಟು ಹೊತ್ತು ಅಲ್ಲೇ ಹುಡುಕಿ ಬರಿಗೈಯಲ್ಲಿ ನಿಂತದ್ದು ಇದರಿಂದಲೇ ಇರಬೇಕು. ಮುಂದಿನ ಸಲ ಹರಳಿಲ್ಲದ, ಹೊಸದಾಗಿ ಕೊಚ್ಚಿಹೋಗಿ ಗಾಢ ಬಣ್ಣ ತೋರುವ ಮಣ್ಣಿನ ಕಡೆ ಹೋಗಿ.

ಏನನ್ನು ಹುಡುಕಬೇಕು ಎಂಬುದಕ್ಕೆ ನಾನು ಹೇಳುವುದು ಇಷ್ಟೇ: ವಸ್ತುವನ್ನು ಹುಡುಕಬೇಡಿ, ಕ್ರಮವನ್ನು ಹುಡುಕಿ. ಸಮ ಅಂತರದ ಗೆರೆ, ಸುರುಳಿ, ಐದು ಮೂಲೆಯ ನಕ್ಷತ್ರ, ಎರಡೂ ಕಡೆ ಒಂದೇ ಬಗೆಯ ಬಾಗು, ಇವು ಮಣ್ಣಿನಲ್ಲಿ ತಾನಾಗಿ ಮೂಡುವುದು ಅಪರೂಪ. ಪೆನ್ಸಿಲ್ ತುದಿಯಂತೆ ಚೂಪಾದ ಉರುಟು ಕಲ್ಲು ಸಿಕ್ಕಿ, ಅದರ ಮುರಿದ ಮುಖದಲ್ಲಿ ನಡುವಿನಿಂದ ಸುತ್ತಲೂ ಗೆರೆಗಳು ಹೊರಟಿದ್ದರೆ ಅದು ಬೆಲೆಮ್ನೈಟ್, ಇಂದಿನ ಸ್ಕ್ವಿಡ್‌ಗಳ ದೂರದ ಬಳಗದ ಪ್ರಾಣಿಯ ಒಳಗಿದ್ದ ಗಟ್ಟಿ ಭಾಗ. ಉಗುರಿನಂತೆ ಒಳಕ್ಕೆ ಬಾಗಿದ ದಪ್ಪ ಚಿಪ್ಪು ಗ್ರೈಫಿಯಾ ಎಂಬ ಸಿಂಪಿ. ನಕ್ಷತ್ರದಾಕಾರದ ಪುಟ್ಟ ಬಿಲ್ಲೆ ಕಡಲ ಲಿಲ್ಲಿಯ ಕಾಂಡದ ಗಂಟು. ಹೆಸರು ಲಿಲ್ಲಿಯಾದರೂ ಅದು ಪ್ರಾಣಿ. ಸುರುಳಿ ಸುತ್ತಿದ ಅಮೋನೈಟ್ ನಿಮಗೆ ಈಗಾಗಲೇ ಸಿಕ್ಕಿದೆ. ನೇಪಾಳದ ಗಂಡಕಿ ಕಣಿವೆಯ ಸಾಲಿಗ್ರಾಮವೂ ಇದೇ ಪ್ರಾಣಿಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದಲ್ಲೇ ಇವೂ ಅಳಿದವು. ಶಾರ್ಕ್‌ಗಳು ಜೀವಮಾನದಲ್ಲಿ ಸಾವಿರಾರು ಹಲ್ಲುಗಳನ್ನು ಉದುರಿಸುತ್ತವೆ, ಆದ್ದರಿಂದಲೇ ಅವುಗಳ ಹಲ್ಲು ಅಷ್ಟು ಸಾಮಾನ್ಯವಾಗಿ ಸಿಗುತ್ತದೆ. ಆ ಹಲ್ಲುಗಳನ್ನು ಯುರೋಪಿನಲ್ಲಿ ಬಹುಕಾಲ ಕಲ್ಲಾದ ನಾಲಿಗೆ ಎಂದೇ ನಂಬಿದ್ದರು. 1666ರಲ್ಲಿ ಡೆನ್ಮಾರ್ಕಿನ ಅಂಗರಚನಾ ತಜ್ಞ ನಿಕೊಲಸ್ ಸ್ಟೆನೊ ಒಂದು ದೊಡ್ಡ ಶಾರ್ಕ್‌ನ ತಲೆಯನ್ನು ಸೀಳಿ ನೋಡಿ, ಮರುವರ್ಷ ಪ್ರಕಟಿಸಿದ ಬರಹದಲ್ಲಿ ಆ ಕಲ್ಲಿಗೂ ಶಾರ್ಕ್ ಹಲ್ಲಿಗೂ ಇರುವ ಹೋಲಿಕೆಯನ್ನು ತೋರಿಸಿಕೊಟ್ಟ.

ಇನ್ನು ಮಗಳೂ ಜೊತೆಗಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕು. ಮಳೆ ಪಳೆಯುಳಿಕೆಯನ್ನು ಸಡಿಲಿಸುವಂತೆ ದಿಬ್ಬವನ್ನೂ ಸಡಿಲಿಸುತ್ತದೆ. ಕಡಿದಾದ ಮಣ್ಣಿನ ಗೋಡೆಯ ಬುಡದಲ್ಲಿ ನಿಲ್ಲಲೇಬೇಡಿ, ಅಂಚಿನ ಮೇಲೂ ನಡೆಯಬೇಡಿ. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದಲ್ಲಿ ಪುರಾತನ ಕಡಲ ಸರೀಸೃಪಗಳಾದ ಇಕ್ತಿಯೊಸಾರ್ ಮತ್ತು ಪ್ಲೀಸಿಯೊಸಾರ್‌ಗಳನ್ನು ಹುಡುಕಿ ತೆಗೆದ ಮೇರಿ ಆನಿಂಗ್ ಚಳಿಗಾಲದ ಭೂಕುಸಿತಗಳ ಬೆನ್ನಲ್ಲೇ ಹೋಗಿ ಹುಡುಕುತ್ತಿದ್ದಳು. 1833ರಲ್ಲಿ ಅಂಥದೇ ಒಂದು ಕುಸಿತದಲ್ಲಿ ಅವಳ ಜೊತೆಗಿದ್ದ ನಾಯಿ ಸತ್ತಿತು, ಅವಳು ಕೂದಲೆಳೆಯಲ್ಲಿ ಪಾರಾದಳು. ಅಷ್ಟು ಅನುಭವಿಗೇ ಹೀಗಾಯಿತು. ಗೋಡೆಯಿಂದ ಉರುಳಿ ದೂರ ಬಿದ್ದ ರಾಶಿಯಲ್ಲೇ ಬೇಕಾದಷ್ಟು ಸಿಗುತ್ತದೆ. ನೀರು ನಿಂತ ಗುಂಡಿಯ ಅಂಚಿನ ಕೆಸರು ನಂಬಿಕೆಗೆ ತಕ್ಕದ್ದಲ್ಲ. ಮುಂದೆ ಕೋಲು ಊರಿ ಆಳ ನೋಡಿಯೇ ಹೆಜ್ಜೆ ಇಡಿ. ಕಾಲು ಹೂತರೆ ರಭಸದಿಂದ ಎಳೆಯಬೇಡಿ. ಹಿಂದಕ್ಕೆ ವಾಲಿ ಭಾರ ಹಂಚಿ, ಕಾಲನ್ನು ಮೆಲ್ಲನೆ ಅತ್ತಿತ್ತ ಆಡಿಸಿದರೆ ಬೂಟಿನ ಸುತ್ತ ನೀರು ಇಳಿದು ಹಿಡಿತ ಸಡಿಲವಾಗುತ್ತದೆ. ಗಣಿಯ ಮಾಲೀಕರ ಅನುಮತಿ ಪಡೆದಿದ್ದೀರಿ ಎಂದು ಬರೆದಿದ್ದೀರಿ, ಸಂತೋಷ. ಆ ಜಾಗ ಸಂರಕ್ಷಿತ ಪಟ್ಟಿಯಲ್ಲಿ ಇದೆಯೇ ಎಂಬುದನ್ನೂ ಒಮ್ಮೆ ವಿಚಾರಿಸಿಕೊಳ್ಳಿ.

ಸಾಮಾನು ಕಡಿಮೆ ಸಾಕು. ಗಂಬೂಟು, ಮೊಂಡು ಚಾಕು, ಮೆತ್ತನೆಯ ಹಲ್ಲುಜ್ಜುವ ಬ್ರಷ್, ನೀರು ಸಿಂಪಡಿಸುವ ಸಣ್ಣ ಬಾಟಲಿ, ಮುಚ್ಚಳದ ಡಬ್ಬಿಗಳು, ಟಿಶ್ಯೂ ಕಾಗದ. ಬರೆಯಲು ಪೆನ್ನು ಬೇಡ, ಪೆನ್ಸಿಲ್ ಇರಲಿ. ಒದ್ದೆ ಕಾಗದದ ಮೇಲೆ ಶಾಯಿ ಹರಡುತ್ತದೆ. ಪ್ರತಿ ಡಬ್ಬಿಯೊಳಗೂ ಒಂದು ಚೀಟಿ ಇಡಿ: ದಿನಾಂಕ, ಜಾಗ, ಪದರದಲ್ಲೇ ಸಿಕ್ಕಿತೇ ಅಥವಾ ಸಡಿಲವಾಗಿ ಬಿದ್ದಿತ್ತೇ. ಈ ಚೀಟಿಯ ವಿಚಾರದಲ್ಲಿ ನಾನು ಹಟವಾದಿ. ಎಲ್ಲಿಯದೆಂದು ತಿಳಿಯದ ಅಮೋನೈಟ್ ನೋಡಲು ಚೆಂದವೇ, ಆದರೆ ಅದು ಯಾವ ಪದರದ್ದು, ಯಾವ ಕಾಲದ ಕಡಲಿನದ್ದು ಎಂಬುದನ್ನು ಮುಂದೆ ಯಾರೂ ಖಚಿತವಾಗಿ ಹೇಳಲಾರರು.

ಈಗ ಹೆಂಟೆ ಕರಗದ ಪ್ರಶ್ನೆ. ಒದ್ದೆ ಜೇಡಿಮಣ್ಣನ್ನು ನೀರಿಗೆ ಹಾಕಿದರೆ ಅದು ವಾರಗಟ್ಟಲೆ ಹಾಗೆಯೇ ಕುಳಿತಿರುತ್ತದೆ, ಯಾಕೆಂದರೆ ಅದರ ರಂಧ್ರಗಳಲ್ಲಿ ಈಗಾಗಲೇ ನೀರು ತುಂಬಿದೆ. ಮೊದಲು ಚೆನ್ನಾಗಿ ಒಣಗಿಸಿ. ಹಗುರಾಗಿ, ಬಣ್ಣ ತಿಳಿಯಾಗಿ, ಬಿರುಕು ಬಿಡಬೇಕು. ಆಮೇಲೆ ಬಿಸಿನೀರು ಸುರಿಯಿರಿ. ನೀರು ಒಣ ರಂಧ್ರಗಳಿಗೆ ನುಗ್ಗಿ, ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತ, ಹೆಂಟೆ ಕಣ್ಣೆದುರೇ ಕುಸಿಯುತ್ತದೆ. ಒಂದು ಚಮಚ ಬಟ್ಟೆ ಸೋಡಾ ಬೆರೆಸಿದರೆ ಇನ್ನೂ ಬೇಗ. ಆ ರಾಡಿಯನ್ನು 1 ಮಿಲಿಮೀಟರ್ ಜರಡಿಯಲ್ಲಿ, ಅದರಡಿ 0.5 ಮಿಲಿಮೀಟರ್ ಜರಡಿಯಲ್ಲಿ ತೊಳೆಯಿರಿ. ಕೊಳಾಯಿಯ ಮೋರಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಜರಡಿಯಲ್ಲಿ ಉಳಿದ ಮರಳಿನಂಥ ಪದಾರ್ಥವನ್ನು ಒಣಗಿಸಿ, ಕಪ್ಪು ಕಾಗದದ ಮೇಲೆ ತೆಳುವಾಗಿ ಹರಡಿ, 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ಮೀನಿನ ಕಿವಿಯೊಳಗಿನ ಸಣ್ಣ ಕಲ್ಲು, ಮುಳ್ಳುಮೈಯ ದುಂಡು ಕಡಲಪ್ರಾಣಿಗಳಾದ ಅರ್ಚಿನ್‌ಗಳ ಗೆರೆಗೆರೆಯಾದ ಮುಳ್ಳು, ಅಕ್ಕಿಕಾಳಿಗಿಂತ ಸಣ್ಣ ಹಲ್ಲು, ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಕೋಣೆ ಕೋಣೆಯಾಗಿ ಬೆಳೆದ ಚಿಪ್ಪುಗಳು ಅದರಲ್ಲಿ ಇರಬಹುದು. ಮಳೆ ಬಿಡದ ದಿನ ಮನೆಯೊಳಗೆ ಕುಳಿತು ಮಾಡಲು ಇದಕ್ಕಿಂತ ಸೊಗಸಾದ ಕೆಲಸ ನನಗೆ ಗೊತ್ತಿಲ್ಲ, ನಿಮ್ಮ ಮಗಳಿಗೆ ಖಂಡಿತ ಹಿಡಿಸುತ್ತದೆ.

ಮುತ್ತಿನ ಹೊಳಪಿನ ಚಿಪ್ಪು ಪುಡಿಯಾದದ್ದು ಬೇರೆ ಕಾರಣಕ್ಕೆ. ಆ ಹೊಳಪು ಪ್ರಾಣಿ ಬದುಕಿದ್ದಾಗಿನ ಚಿಪ್ಪಿನದೇ, ಅರಗೊನೈಟ್ ಎಂಬ ಖನಿಜದ ಪದರಗಳದ್ದು. ಕಾಗದದಷ್ಟು ತೆಳುವಾದ ಅದನ್ನು ಸುತ್ತಲಿನ ಹಸಿ ಮಣ್ಣು ಆನಿಸಿ ಹಿಡಿದಿರುತ್ತದೆ. ಆ ಆಸರೆ ತೊಳೆದುಹೋದರೂ ಕೇಡು, ಮಣ್ಣು ಬೇಗ ಒಣಗಿ ಕುಗ್ಗಿದರೂ ಕೇಡು. ಇಂಥದನ್ನು ಬಿಡಿಸಿಕೊಳ್ಳಲು ಹೋಗದೆ ಮಣ್ಣಿನ ಮುದ್ದೆ ಸಮೇತ ಎತ್ತಿ, ಒದ್ದೆ ಟಿಶ್ಯೂವಿನಲ್ಲಿ ಸುತ್ತಿ, ಮುಚ್ಚಳ ಸ್ವಲ್ಪ ಸಡಿಲ ಬಿಟ್ಟ ಡಬ್ಬಿಯಲ್ಲಿ ನೆರಳಲ್ಲಿ ಇಡಿ. ವಾರಗಳ ಕಾಲ ನಿಧಾನವಾಗಿ ಒಣಗಲಿ. ಪೂರ್ತಿ ಒಣಗಿದ ಮೇಲೆ ಅಸಿಟೋನ್ ಎಂಬ ದ್ರಾವಕದಲ್ಲಿ ತೆಳುವಾಗಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಂಟನ್ನು ಹನಿಹನಿಯಾಗಿ ಹೀರಿಸಿದರೆ ಚಿಪ್ಪು ಗಟ್ಟಿಯಾಗುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುವಂಥದು. ಕಿಟಕಿ ತೆರೆದು, ಉರಿಯಿಂದ ದೂರ ಕುಳಿತು ದೊಡ್ಡವರೇ ಮಾಡಬೇಕು. ಯಾರೋ ವಿನಿಗರ್‌ನಲ್ಲಿ ತೊಳೆಯಿರಿ ಎಂದು ನಿಮಗೆ ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಅದರಲ್ಲಿ ನೊರೆಯೆದ್ದು ಕರಗಿಹೋಗುತ್ತದೆ.

ಹಿತ್ತಾಳೆ ಬಣ್ಣದ ಸುರುಳಿಗೆ ಇದಕ್ಕೆ ತದ್ವಿರುದ್ಧ ಆರೈಕೆ. ಆಮ್ಲಜನಕ ಕಡಿಮೆಯಿದ್ದ ಕಡಲತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಹುಟ್ಟಿಸಿದ ಸಲ್ಫೈಡ್ ಕಬ್ಬಿಣದೊಂದಿಗೆ ಸೇರಿ ಪೈರೈಟ್ ಆಗಿ ಚಿಪ್ಪಿನ ಒಳಗೋಣೆಗಳನ್ನು ತುಂಬಿದೆ. ನಿಮಗೆ ನಡುವಿನ ಸುತ್ತುಗಳಷ್ಟೇ ಸಿಕ್ಕಿದ್ದಕ್ಕೂ ಇದೇ ಕಾರಣ: ತುಂಬಿದ ಒಳಸುತ್ತು ಉಳಿಯಿತು, ಟೊಳ್ಳಾಗಿದ್ದ ಹೊರಸುತ್ತು ಮಣ್ಣಿನ ಭಾರಕ್ಕೆ ಜಜ್ಜಿಹೋಯಿತು. ಮೇಲೆ ಎದ್ದಿರುವ ಬಿಳಿ ಹುಡಿ ಕಬ್ಬಿಣದ ಸಲ್ಫೇಟ್. ಅದರೊಂದಿಗೆ ಆಮ್ಲವೂ ಹುಟ್ಟುತ್ತದೆ, ಅದು ಡಬ್ಬಿಯನ್ನೂ ಚೀಟಿಯನ್ನೂ ತಿನ್ನುತ್ತದೆ. ಇಂದೇ ಅದನ್ನು ಉಳಿದವುಗಳಿಂದ ಬೇರೆ ಮಾಡಿ. ನೀರು ತಾಗಿಸದೆ ಒಣ ಬ್ರಷ್‌ನಿಂದ ಹುಡಿ ಉದುರಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಕೈ ತೊಳೆದುಕೊಳ್ಳಿ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಈ ಕೊಳೆತ ಚುರುಕಾಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ತೆರೆದ ಕಪಾಟು ಇದಕ್ಕೆ ಸಲ್ಲದು. ವಾರ್ನಿಷ್ ಬಳಿದರೆ ಸಾಕು ಎನ್ನುವವರಿದ್ದಾರೆ. ತೇವ ವಾರ್ನಿಷ್ ಪದರವನ್ನೂ ದಾಟಿ ಒಳಗೆ ಇಳಿಯುತ್ತದೆ. ಮುಂದೆ ಇಂಥದು ಸಿಕ್ಕರೆ ಅಂದೇ ಬೇಗ ತೊಳೆದು, ಅಸಿಟೋನಿನಲ್ಲಿ ಅದ್ದಿ ಒಳಗಿನ ನೀರು ಬಿಡಿಸಿ, ಚೆನ್ನಾಗಿ ಆರಿಸಿ ಡಬ್ಬಿಗೆ ಹಾಕಿ. ಬಕೆಟ್‌ನಲ್ಲಿ ನೆನೆಯಲು ಬಿಡಬೇಡಿ.

ಕೊನೆಯ ಚಿತ್ರದ ಬಗ್ಗೆ. ಕೆಸರಿನಲ್ಲಿ ಅರ್ಧ ಹೂತಿರುವ ಆ ದುಂಡು ಬಿಲ್ಲೆಯನ್ನು ಕಲ್ಲೆಂದು ಅಲ್ಲೇ ಬಿಟ್ಟು ಬಂದೆ ಎಂದಿದ್ದೀರಿ. ಎರಡೂ ಮುಖ ಬಟ್ಟಲಿನಂತೆ ಒಳಕ್ಕೆ ತಗ್ಗಿದ್ದರೆ ಅದು ಬೆನ್ನುಮೂಳೆಯ ಮಣಿ ಇರಬಹುದು. ದೊಡ್ಡ ಮೀನಿನದೋ ಇಕ್ತಿಯೊಸಾರ್‌ನದೋ ಎಂಬುದು ಚಿತ್ರದಲ್ಲಿ ತಿಳಿಯುವುದಿಲ್ಲ. ಇಂಗ್ಲೆಂಡಿನ ಪೀಟರ್‌ಬರೋ ಸುತ್ತಲಿನ ಇಟ್ಟಿಗೆಮಣ್ಣಿನ ಗಣಿಗಳಲ್ಲಿ ಲೀಡ್ಸಿಕ್ತಿಸ್ ಎಂಬ ದೈತ್ಯ ಮೀನಿನ ಮೂಳೆಗಳು ಸಿಕ್ಕಿರುವುದು ಇಂಥದೇ ಮಣ್ಣಿನಲ್ಲಿ. ಮುಂದಿನ ಜೋರು ಮಳೆಗೆ ಮೊದಲೇ ಹೋಗಿ ನೋಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಹತ್ತಿರದಿಂದಲೂ ದೂರದಿಂದಲೂ ಚಿತ್ರ ತೆಗೆಯಿರಿ, ಮೊಬೈಲ್‌ನಲ್ಲಿ ಜಾಗ ಗುರುತಿಸಿಕೊಳ್ಳಿ. ಸುತ್ತ ಒಂದು ಮಾರಿನಷ್ಟು ನೆಲವನ್ನು ಕಣ್ಣಿನಿಂದಷ್ಟೇ ಪರೀಕ್ಷಿಸಿ. ಅದೊಂದೇ ಸಡಿಲವಾಗಿ ಬಿದ್ದಿದ್ದರೆ ಚೀಟಿ ಬರೆದು ತನ್ನಿ. ಎರಡನೆಯ ಮಣಿಯೋ ಪಕ್ಕೆಲುಬಿನ ತುದಿಯೋ ಕಂಡರೆ ಯಾವುದನ್ನೂ ಎಳೆಯದೆ ಮೇಲೆ ತೆಳುವಾಗಿ ಮಣ್ಣು ಮುಚ್ಚಿ, ಗಣಿಯ ಮಾಲೀಕರಿಗೆ ತಿಳಿಸಿ, ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಅಥವಾ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಅದೇ ದಿನ ಫೋನ್ ಮಾಡಿ. ಚಿತ್ರಗಳನ್ನು ಇಲ್ಲಿಯೂ ಹಾಕಿ, ಆದರೆ ಜಾಗದ ಹೆಸರನ್ನು ಮಾತ್ರ ಬರೆಯಬೇಡಿ.